ಸಿಗ್ನಲ್‌ನಲ್ಲಿ ಮುಂದಿನ ಗಾಡಿಯ ಟೈರು ಕಾಣುವಷ್ಟು ಜಾಗ ಬಿಡಿ

ಕಾರು ಓಡಿಸುವವರಿಗೆ ಒಂದು ಸಣ್ಣ ಟಿಪ್. ಸಿಗ್ನಲ್‌ನಲ್ಲಿ ನಿಲ್ಲುವಾಗ ಮುಂದಿನ ಗಾಡಿಯ ಹಿಂದಿನ ಟೈರು ರಸ್ತೆಗೆ ತಾಗುವ ಜಾಗ ನಿಮ್ಮ ಸೀಟಿನಿಂದಲೇ ಕಾಣುವಷ್ಟು ದೂರದಲ್ಲಿ ನಿಲ್ಲಿಸಿ. ಟೈರು ನಿಮ್ಮ ಬಾನೆಟ್‌ನ ಮರೆಗೆ ಹೋಯಿತು ಅಂದರೆ ಜಾಸ್ತಿ ಹತ್ತಿರ ಹೋಗಿದ್ದೀರಿ. ಇಷ್ಟು ಜಾಗ ಇದ್ದರೆ, ಮುಂದಿನ ಆಟೋ ಕೆಟ್ಟು ನಿಂತರೂ ಹಿಂದೆ ಆಂಬುಲೆನ್ಸ್ ಬಂದರೂ, ರಿವರ್ಸ್ ಹಾಕುವ ಗೋಜಿಲ್ಲದೆ ಸ್ಟೀರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯಬಹುದು. (ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಬಿಡಬೇಕು ಅಂತ ಎಲ್ಲರಿಗೂ ಮನಸ್ಸಿರುತ್ತದೆ, ಬಂಪರ್‌ಗೆ ಬಂಪರ್ ತಾಗಿಸಿ ನಿಂತಮೇಲೆ ಬಿಡುವುದು ಹೇಗೆ?) ಏರು ರಸ್ತೆಯಲ್ಲಿ ಇನ್ನೂ ಲಾಭ, ಮುಂದಿನವರು ಕ್ಲಚ್ ಬಿಡುವಾಗ ಒಂದಡಿ ಹಿಂದಕ್ಕೆ ಜಾರಿದರೂ ನಿಮ್ಮ ಬಂಪರ್ ಬಚಾವ್. ಆದರೆ ಲಾರಿ, ಬಸ್ಸಿನ ಹಿಂದೆ ಈ ಅಳತೆ ನಂಬಬೇಡಿ, ಅವುಗಳ ಬಾಡಿ ಎತ್ತರ, ಚಕ್ರ ಹಿಂಭಾಗದಿಂದ ಎಷ್ಟೋ ಒಳಗೆ ಇರುತ್ತದೆ, ತೀರಾ ಹತ್ತಿರ ಹೋದರೂ ಟೈರು ಕಾಣುತ್ತಲೇ ಇರುತ್ತದೆ. ಅಲ್ಲಿ ಇನ್ನೂ ನಾಲ್ಕಡಿ ಜಾಸ್ತಿ ಬಿಡಿ. ನಿಮ್ಮ ಹಿಂದಿನ ಸಾಲು ಇನ್ನೊಂದು ಜಂಕ್ಷನ್‌ಗೆ ಅಡ್ಡ ನಿಂತಿದ್ದರೆ ಮಾತ್ರ ಸ್ವಲ್ಪ ಮುಂದೆ ಹೋಗಿ. ಇನ್ನು ಬೆಂಗಳೂರಿನ ಸಂಜೆ ಟ್ರಾಫಿಕ್‌ನಲ್ಲಿ ನೀವು ಬಿಟ್ಟ ಜಾಗಕ್ಕೆ ಎರಡು ಸ್ಕೂಟರ್ ಬಂದೇ ಬರುತ್ತವೆ, ಅಲ್ವಾ? ಬರಲಿ ಬಿಡಿ, ಅದಕ್ಕೆ ಸುಮ್ನೆ ಹಾರ್ನ್ ಹೊಡೆಯಬೇಡಿ. ಹಸಿರು ಬಿದ್ದ ತಕ್ಷಣ ಮೊದಲು ಹೋಗುವವರೂ ಅವರೇ.