ಎಲ್ಲರೂ ಸರಿ ಉತ್ತರವನ್ನೇ ಟಿಕ್ ಮಾಡಿದ್ದರು: ಕೆಟ್ಟ ಸುದ್ದಿ ಹೇಳುವ ವೈದ್ಯರ ಮನಸ್ಸನ್ನು ಅಳೆದ ನನ್ನ ಅನುಭವ

ನನ್ನ ಮೊದಲ ಪ್ರಶ್ನಾವಳಿಯ ಪ್ರಕಾರ ವೈದ್ಯರೆಲ್ಲ ದೇವರಂಥವರು. ಸುಮಾರು 120 ಫಾರ್ಮ್ ವಾಪಸ್ ಬಂದಿದ್ದವು. ‘ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕು ರೋಗಿಗಿದೆ’ ಎಂಬ ಐಟಂಗೆ, ಅಂದರೆ ಫಾರ್ಮಿನ ಹೇಳಿಕೆಗೆ, ಐದಕ್ಕೆ ಸರಾಸರಿ 4.7. ‘ಸುದ್ದಿ ಹೇಳುವಾಗ ಕೂತು, ಸಮಯ ಕೊಟ್ಟು ಮಾತಾಡುತ್ತೇನೆ’ ಎಂಬುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಅದೇ ವಾರ್ಡುಗಳಲ್ಲಿ ನಿಂತ ನಿಲುವಿನಲ್ಲೇ ರಿಪೋರ್ಟನ್ನು ಸಂಬಂಧಿಕರ ಕೈಗಿಟ್ಟು ಹೊರಟುಬಿಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಐಟಂಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಆಲ್ಫಾ ಎಂಬ ಅಂಕಿ 0.88ರ ಹತ್ತಿರ ಬಂದಿತ್ತು, ಒಂದರ ಹತ್ತಿರ ಬಂದಷ್ಟೂ ಒಳ್ಳೆಯದು. ಗೈಡ್ ಬೆನ್ನು ತಟ್ಟಿದರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಒಬ್ಬೊಬ್ಬರೂ ತಮ್ಮ ಸುಳ್ಳನ್ನು ಎಲ್ಲ ಐಟಂಗಳಲ್ಲೂ ಒಂದೇ ಥರ ಹೇಳಿಕೊಂಡು ಹೋದರೂ ಆಲ್ಫಾ ಚೆನ್ನಾಗಿಯೇ ಬರಬಹುದು, ಅಲ್ವಾ?

ಈ ಕೆಲಸಕ್ಕೆ ಇಳಿದವರಿಗೆಲ್ಲ ಅಮೆರಿಕದ ವೈದ್ಯ ಓಕನ್ ಅವರ 1961ರ ಸರ್ವೆ ಗೊತ್ತೇ ಇರುತ್ತದೆ. ಶಿಕಾಗೋದ ವೈದ್ಯರಲ್ಲಿ 90% ಜನ ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. 1979ರಲ್ಲಿ ಇನ್ನೊಂದು ತಂಡ ಅಂಥದೇ ಪ್ರಶ್ನೆ ಕೇಳಿದಾಗ 97% ಜನ ಹೇಳುವುದೇ ಸರಿ ಎಂದರು. ಕಾಲ ಬದಲಾಯಿತು ಅಂತ ಎಲ್ಲರೂ ಬರೆಯುತ್ತಾರೆ, ಅದು ನಿಜವೇ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. 1961ರಲ್ಲಿ ಮುಚ್ಚಿಡುವುದು ಮರ್ಯಾದೆಯ ವಿಷಯವಾಗಿತ್ತು, ಹಾಗಾಗಿ ಯಾರೂ ಫಾರ್ಮಿನ ಮುಂದೆ ನಾಟಕ ಆಡಬೇಕಿರಲಿಲ್ಲ. ಈಗ ಕೆಟ್ಟ ಸುದ್ದಿ ಹೇಳುವ ಕ್ರಮವನ್ನು ಕಲಿಸುವ ಸ್ಪೈಕ್ಸ್‌ನ ಆರು ಹೆಜ್ಜೆಗಳನ್ನು ಬಾಯಿಪಾಠ ಮಾಡಿಸಿದ್ದೇವೆ. ನೇರವಾಗಿ ಕೇಳಿದರೆ ಪಾಠ ನೆನಪಿದೆಯಾ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಒಪ್ಪಿದರೆ ಅಂಕ ಕಮ್ಮಿಯಾಗುವ ಉಲ್ಟಾ ಐಟಂ ಸೇರಿಸಿದೆ. ದುರಂತ. ‘ರೋಗಿಗೆ ಎಲ್ಲವನ್ನೂ ಹೇಳದಿರುವುದು ತಪ್ಪಲ್ಲ’ ಅಂತ ಬರೆದು, ಅದಕ್ಕೆ ‘ಒಪ್ಪುವುದಿಲ್ಲ’ ಅನ್ನುವ ಆಯ್ಕೆ ಕೊಟ್ಟರೆ ಏನಾಗಬೇಕು? ರಾತ್ರಿ ಡ್ಯೂಟಿ ಮುಗಿಸಿ ಬಂದವರು ಅದನ್ನು ಮೂರು ಸಲ ಓದಿ, ಸುಮ್ನೆ ನಡುವಿನ ಮನೆಗೆ ಟಿಕ್ ಹಾಕಿ ಕೊಟ್ಟರು. ಯಾವ ಐಟಂಗಳು ಒಂದೇ ಗುಂಪಿಗೆ (ಫ್ಯಾಕ್ಟರಿಗೆ) ಸೇರುತ್ತವೆ ಅಂತ ಹುಡುಕುವ ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ಉಲ್ಟಾ ಐಟಂಗಳೆಲ್ಲ ಸೇರಿ ಬೇರೆಯೇ ಒಂದು ಫ್ಯಾಕ್ಟರ್ ಆಗಿ ಕೂತವು. ಅದಕ್ಕೊಂದು ಗಂಭೀರ ಹೆಸರಿಟ್ಟು ಪೇಪರ್ ಬರೆಯುವ ಆಸೆಯೂ ಒಂದು ದಿನ ಬಂದಿತ್ತು. ಬರೆಯಲಿಲ್ಲ, ಪುಣ್ಯ.

ದುಡ್ಡಿನ ಕಥೆ ಇನ್ನೂ ಬೇಜಾರು. ಮೊದಲ ವರ್ಷದ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಮುದ್ರಣಕ್ಕೆ ಮತ್ತು ಒಂದು ಆನ್‌ಲೈನ್ ಸರ್ವೆ ಸೇವೆಗೆ ಹೋಯಿತು. ಆ ಸೇವೆಯನ್ನು ವರ್ಷಕ್ಕೆ ಕೊಂಡು ಬಳಸಿದ್ದು ಮೂರು ವಾರ. ಲಿಂಕ್ ಕಳಿಸಿದ 300 ಜನರಲ್ಲಿ ಪೂರ್ತಿ ಮಾಡಿದವರು 40 ಮಂದಿ ಇರಬಹುದು. ತುಂಬಿದವರಿಗೆ ಲಕ್ಕಿ ಡ್ರಾ ಎಂದೆ, ಯಾರೂ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಕಾಗದದ ಫಾರ್ಮಿಗೆ ಒಂದು ಒಳ್ಳೆಯ ಪೆನ್ ಸಿಕ್ಕಿಸಿ ಮೊದಲೇ ಕೈಗೆ ಕೊಟ್ಟೆ. ಆಮೇಲೆ ಕೊಡುತ್ತೇನೆ ಅನ್ನುವ ದೊಡ್ಡ ಬಹುಮಾನಕ್ಕಿಂತ ಈಗಲೇ ಕೈಗೆ ಬಂದ ಸಣ್ಣದು ಜಾಸ್ತಿ ಕೆಲಸ ಮಾಡುತ್ತದೆ. ಪೆನ್ ಯಾವುದೂ ವಾಪಸ್ ಬರಲಿಲ್ಲ, ಫಾರ್ಮ್ ಮಾತ್ರ ಹತ್ತಕ್ಕೆ ಆರು ಬಂತು. ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರಿನ ಲೈಸೆನ್ಸ್ ಬಿಟ್ಟು ಆರ್ (R) ಎಂಬ ಉಚಿತ ಸಾಫ್ಟ್‌ವೇರಿಗೆ ಬಂದೆ. ಎರಡು ತಿಂಗಳು ತಲೆ ಕೆಟ್ಟರೂ ಹಣ ಉಳಿಯಿತು.

ದಾರಿ ಹೊಳೆದದ್ದು ಸಂದರ್ಶನಗಳಲ್ಲಿ. ಸುಮಾರು 20 ವೈದ್ಯರ ಹತ್ತಿರ ಕೂತು, ‘ನಿಮ್ಮ ಧೋರಣೆ ಏನು?’ ಅಂತ ಕೇಳುವುದನ್ನು ಬಿಟ್ಟೆ. ‘ಕಳೆದ ಸಲ ಹೇಳಿದಾಗ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು?’ ಅಂತ ಕೇಳತೊಡಗಿದೆ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಆಮೇಲೆ ಬರುತ್ತಿದ್ದ ಮಾತುಗಳು ಪುಸ್ತಕದವಲ್ಲ. ಅವನ್ನೇ ಹಾಗೇ ಎತ್ತಿಕೊಂಡು ಐಟಂ ಮಾಡಿದೆ. ಒಂದನ್ನು ಇಲ್ಲಿ ಕೊಡುತ್ತೇನೆ:

ಹೊರಗೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದಾರೆ. ಬಯಾಪ್ಸಿ ವರದಿ ನಿಮ್ಮ ಕೈಯಲ್ಲಿದೆ. ರೋಗಿಯ ಮಗ ಬಾಗಿಲಲ್ಲೇ ತಡೆದು, ‘ಅಮ್ಮನಿಗೆ ಏನೂ ಹೇಳಬೇಡಿ ಡಾಕ್ಟ್ರೇ’ ಅನ್ನುತ್ತಾರೆ. ನಿಮ್ಮ ಮುಂದಿನ ಮಾತು ಯಾವುದು? ‘ಸರಿ, ಮೊದಲು ನಿಮ್ಮ ಹತ್ತಿರ ಮಾತಾಡ್ತೀನಿ.’ ‘ಇನ್ನೊಂದು ಟೆಸ್ಟ್ ಬರಲಿ, ಆಮೇಲೆ ನೋಡೋಣ.’ ‘ಕಾಯಿಲೆ ಹೆಸರು ಎತ್ತಲ್ಲ, ಚಿಕಿತ್ಸೆ ಮಾತ್ರ ಹೇಳ್ತೀನಿ.’ ‘ಎಷ್ಟು ತಿಳೀಬೇಕು ಅಂತ ಅವರನ್ನೇ ಕೇಳೋಣ, ನೀವೂ ಬನ್ನಿ.’

ನಾಲ್ಕೂ ಮರ್ಯಾದಸ್ಥ ಮಾತುಗಳೇ. ಯಾವುದನ್ನು ಟಿಕ್ ಮಾಡಿದರೂ ಯಾರೂ ಕೆಟ್ಟವರಾಗುವುದಿಲ್ಲ. ಅಂಕ ಕೊಡುವ ಕೆಲಸವನ್ನು ವೈದ್ಯರ ಸಮಿತಿಗೆ ಒಪ್ಪಿಸಲಿಲ್ಲ. ಅಂಥ ಸುದ್ದಿಯನ್ನು ಹಿಂದೆ ಸ್ವತಃ ಕೇಳಿಸಿಕೊಂಡ ಹದಿನೈದು ಜನರಿಂದ ಪ್ರತಿ ಮಾತಿಗೂ ಅಂಕ ಹಾಕಿಸಿದೆ. ಎಥಿಕ್ಸ್ ಕಮಿಟಿ ಇದಕ್ಕೆ ನಾಲ್ಕು ತಿಂಗಳು ತೆಗೆದುಕೊಂಡಿತು. ಅವರು ಕೇಳಿದ್ದು ಸರಿಯೇ ಇತ್ತು, ಹಳೆ ಗಾಯ ಕೆದಕಿದರೆ ನೋಡಿಕೊಳ್ಳುವವರು ಯಾರು ಅಂತ. ಕೌನ್ಸೆಲರ್ ಒಬ್ಬರನ್ನು ಜೊತೆಗಿಟ್ಟುಕೊಂಡೆ. 64 ಸಂದರ್ಭ ಬರೆದಿದ್ದೆ, 30 ಚಿಲ್ಲರೆಗೆ ಇಳಿಯಿತು, ಕೊನೆಗೆ 14 ಉಳಿದವು. ಅದರಲ್ಲಿ ಎರಡು ಸಂದರ್ಭಗಳಿಗೆ ಅಂಕವೇ ಇಲ್ಲ. ಅವು ಬೇರೆ ಕೆಲಸಕ್ಕೆ ಇವೆ. ಏನು ಕೆಲಸ, ಎಷ್ಟನೆಯ ನಂಬರಿನಲ್ಲಿ ಇಟ್ಟಿದ್ದೇನೆ ಅನ್ನುವುದನ್ನು ಮಾತ್ರ ಹೇಳಲಾರೆ, ಫಾರ್ಮ್ ಇನ್ನೂ ಬಳಕೆಯಲ್ಲಿದೆ.

ನಮ್ಮ ಸ್ಟ್ಯಾಟಿಸ್ಟಿಷಿಯನ್ ಮೊದಲೇ ಎಚ್ಚರಿಸಿದ್ದರು. ‘ಆಲ್ಫಾ ಬಿದ್ದುಹೋಗುತ್ತೆ, ಯಾರೂ ಪ್ರಕಟಿಸಲ್ಲ.’ ಬಿತ್ತು. 0.6ರ ಆಸುಪಾಸು. ಒಂದೊಂದು ಸಂದರ್ಭದಲ್ಲಿ ಭಯ, ಸಮಯ, ಕುಟುಂಬದ ಒತ್ತಡ ಎಲ್ಲ ಕಲಸಿರುತ್ತವೆ, ಬೀಳದೆ ಇನ್ನೇನಾಗುತ್ತದೆ? ಮೂರು ವಾರ ಬಿಟ್ಟು ಅದೇ ಜನರಿಂದ ಮತ್ತೆ ತುಂಬಿಸಿದಾಗ ಎರಡು ಸಲದ ಅಂಕಗಳ ಹೊಂದಾಣಿಕೆ (ಪೂರ್ತಿ ಹೊಂದಿದರೆ 1) ಸುಮಾರು 0.78 ಬಂತು. ನನಗೆ ಅದು ಸಾಕಿತ್ತು. ಪೇಪರ್ ಓದಿದ ವಿಮರ್ಶಕರೊಬ್ಬರಿಗೆ ಸಾಕಾಗಲಿಲ್ಲ, ‘ಇದು ಸ್ಕೇಲೇ ಅಲ್ಲ’ ಎಂದು ವಾಪಸ್ ಕಳಿಸಿದರು.

ಹಾಗಾಗಿ, ಫಾರ್ಮಿನ ಅಂಕ ವೈದ್ಯರ ನಡವಳಿಕೆಗೆ ಹೊಂದುತ್ತದಾ ಅಂತ ನೋಡಲು, ಉಳಿದ ಹಣದ ಮುಕ್ಕಾಲು ಪಾಲನ್ನು ನಟರೇ ರೋಗಿಗಳಾಗುವ ರೋಲ್ ಪ್ಲೇಗೆ ಸುರಿದೆ. ನಟರ ಸಂಭಾವನೆ, ತರಬೇತಿ, ಕ್ಯಾಮೆರಾ. ಇಷ್ಟು ಖರ್ಚು ಬೇಡ ಅಂತ ಹೇಳದವರೇ ಇಲ್ಲ. 36 ವೈದ್ಯರು ಬಂದರು. ಇಬ್ಬರು ವೀಕ್ಷಕರಿಗೆ ಯಾರ ಸ್ಕೋರೂ ಗೊತ್ತಿರಲಿಲ್ಲ. ಹಳೆಯ ಫಾರ್ಮಿನಲ್ಲಿ ಐದಕ್ಕೆ 4.9 ತೆಗೆದಿದ್ದ ಹಿರಿಯರೊಬ್ಬರು ವರದಿಯಿಂದ ತಲೆ ಎತ್ತದೆ ಎರಡೇ ನಿಮಿಷದಲ್ಲಿ ಎಲ್ಲ ಓದಿ ಮುಗಿಸಿದರು. ಇನ್ನೊಂದು ಸಲ ನಟಿ ನಿಜಕ್ಕೂ ಅತ್ತುಬಿಟ್ಟರು, ಎದುರಿಗಿದ್ದ ಡಾಕ್ಟರ್ ನೀರು ತರಲು ಎದ್ದು ಹೋದವರು ಹತ್ತು ನಿಮಿಷ ಬರಲೇ ಇಲ್ಲ. ವೀಕ್ಷಕರು ಅದಕ್ಕೆ ಏನು ಅಂಕ ಕೊಡಬೇಕೆಂದು ಜಗಳವಾಡಿದರು. ಲೆಕ್ಕ ಹಾಕಿದಾಗ ಹಳೆಯ ಫಾರ್ಮಿಗೂ ವೀಕ್ಷಕರ ಅಂಕಕ್ಕೂ ಸಂಬಂಧ ಹೆಚ್ಚುಕಡಿಮೆ ಸೊನ್ನೆ. ಹೊಸದಕ್ಕೆ 0.45ರ ಸಮೀಪ. 36 ಜನ ಕಮ್ಮಿಯೇ, ಒಪ್ಪುತ್ತೇನೆ. ಆದರೂ ಆ ಸಂಜೆ ಸ್ಟ್ಯಾಟಿಸ್ಟಿಷಿಯನ್ ಮೇಜಿನ ಮೇಲೆ ಗ್ರಾಫ್ ಇಟ್ಟು ಏನೂ ಮಾತಾಡದೆ ಬಂದೆ.

ನಡುವೆ ಒಂದೆರಡು ಚೇಷ್ಟೆಗಳೂ ನಡೆದವು. ಟ್ಯಾಬ್ಲೆಟ್‌ನಲ್ಲಿ ಉತ್ತರಿಸಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಅಳೆದೆ, ತಡವರಿಸಿದ ಕಡೆ ಮನಸ್ಸು ಹೊಯ್ದಾಡಿದೆ ಅನ್ನುವ ಲೆಕ್ಕದಲ್ಲಿ. ಅರ್ಧ ಜನರಿಗೆ ನಡುವೆ ಫೋನ್ ಬಂತು. ಆ ಡೇಟಾ ಕಸದ ಬುಟ್ಟಿಗೆ. ಇನ್ನೊಂದು ಚೆನ್ನಾಗಿತ್ತು. ಅರ್ಧ ಫಾರ್ಮುಗಳಲ್ಲಿ ಒಂದೇ ಒಂದು ಪದ ಸೇರಿಸಿ, ರೋಗಿಯನ್ನೂ ವೈದ್ಯೆ ಮಾಡಿದೆ. ‘ಇನ್ನೊಂದು ಟೆಸ್ಟ್ ಬರಲಿ’ ಅನ್ನುವವರು ಅರ್ಧಕ್ಕಿಂತ ಕಮ್ಮಿ ಆದರು, ಮಗನ ಮಾತು ಕೇಳುವವರಂತೂ ಬೆರಳೆಣಿಕೆ. ‘ನಿಮ್ಮ ಸಹೋದ್ಯೋಗಿ ಏನು ಹೇಳಬಹುದು?’ ಅಂತಲೂ ಕೇಳಿ ನೋಡಿದೆ. ಅಲ್ಲಿ ನಿಜ ಜಾಸ್ತಿ ಹೊರಬರುತ್ತದೆ, ಜೊತೆಗೆ ಹೊಟ್ಟೆಕಿಚ್ಚೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ಆಗದೆ ಕೈಬಿಟ್ಟೆ.

ಫೋನಿನಲ್ಲಿ ಸುದ್ದಿ ಹೇಳುವ ಸಂದರ್ಭಗಳು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಐದು ಸಲ ತಿದ್ದಿ ಬರೆದೆ. ಎಲ್ಲರೂ ಒಂದೇ ಆಯ್ಕೆ ಒತ್ತುತ್ತಾರೆ, ‘ನೀವು ಇಲ್ಲಿಗೆ ಬನ್ನಿ, ಮಾತಾಡೋಣ.’ ಬರಲು ಆಗದವರನ್ನು ಕಥೆಯೊಳಗೆ ಹೇಗೆ ತರಬೇಕು ಅಂತ ಈಗ ತಲೆ ಕೆರೆದುಕೊಳ್ಳುತ್ತಿದ್ದೇನೆ.