ಬೆರಳಚ್ಚಿನ ಮೆಷಿನ್ ಬಿಚ್ಚಿಟ್ಟ ಮೇಲೆ ಹಾಜರಿ ಲೆಕ್ಕ ಸರಿಹೋಯ್ತು

ನಮ್ಮ ವರ್ಕ್‌ಶಾಪ್‌ನಲ್ಲಿ 22 ಜನ, ಎರಡು ಶಿಫ್ಟ್. ಹತ್ತಿರ ಹತ್ತಿರ 11 ತಿಂಗಳಿಂದ ಸಂಬಳದ ದಿನ ಒಂದು ಜಗಳವೂ ಆಗಿಲ್ಲ. "ಹಳೇ ಫೋನ್ ಬಾಗಿಲಿಗೆ ಹಾಕಿ ಹಾಜರಿ ತಗೊಳ್ತೀರಾ? ನಡೆಯಲ್ಲ ಬಿಡಿ" ಎಂದವರೇ ಈಗ ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಂದದ್ದು ಬೆರಳಚ್ಚಿನ ಮೆಷಿನ್. ಒಬ್ಬರ ಅರ್ಧ ತಿಂಗಳ ಸಂಬಳದಷ್ಟು ಹೋಯ್ತು. ಗ್ರೈಂಡಿಂಗ್ ಮಾಡುವವರ ಬೆರಳಿನ ಗೆರೆ ಸವೆದಿರುತ್ತದೆ, ಅಲ್ವಾ? ಹೆಬ್ಬೆರಳನ್ನು ಅಂಗಿಗೆ ಒರೆಸುತ್ತಾರೆ, ಊದುತ್ತಾರೆ, ಮತ್ತೆ ಒತ್ತುತ್ತಾರೆ. ಹಿಂದೆ ಆರು ಜನ ಕಾಯುತ್ತಿರುತ್ತಾರೆ. ಬಂದದ್ದು 5:55ಕ್ಕೆ, ದಾಖಲಾದದ್ದು 6:04ಕ್ಕೆ.

ದೊಡ್ಡ ಪೆಟ್ಟು ಕೊಟ್ಟದ್ದು ಅದರ ಗಡಿಯಾರ. ಒಳಗಿನ ಬಟನ್ ಸೆಲ್ ಸೊರಗಿ ಸಮಯ ಸುಮಾರು 9 ನಿಮಿಷ ಹಿಂದೆ ಬಿದ್ದಿತ್ತು. 2 ಗಂಟೆಗೆ ಹೊರಟವರೆಲ್ಲ 1:51ಕ್ಕೆ ಹೋದಂತೆ ಕಂಡರು. ಬೇಗ ಹೋದರೆ ಅರ್ಧ ಗಂಟೆ ಕಟ್ ಅನ್ನೋದು ನಾನೇ ಮಾಡಿದ ನಿಯಮ. ಹತ್ತು ಜನರಿಗೆ ಹನ್ನೆರಡು ದಿನ ಹಾಗೇ ಕಟ್ ಆಯ್ತು. ಒಟ್ಟು 60 ಗಂಟೆಯ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳಿದೆ. ಅವತ್ತು ಅವರ ಮುಖ ನೋಡೋಕೆ ಆಗಲಿಲ್ಲ.

ಆಮೇಲೆ ತೋರಿಸಿ ಹಾಜರಿ ಹಾಕುವ ಕಾರ್ಡ್. ಒಬ್ಬನ ಜೇಬಿನಲ್ಲಿ ಮೂವರ ಕಾರ್ಡ್ ಸಿಕ್ಕಿತು. ಫೋನಿನ ಲೊಕೇಶನ್ನೂ ನೋಡಿದೆ. ತಗಡಿನ ಸೂರಿನ ಕೆಳಗೆ ಕೆಲಸ ಮಾಡುತ್ತಿದ್ದವರನ್ನು ಅದು ರಸ್ತೆಯ ಆಚೆ ತೋರಿಸಿತು. ಎರಡೇ ವಾರಕ್ಕೆ ಬಿಟ್ಟೆ.

ಈಗ ಬಾಗಿಲಲ್ಲಿ ಹಳೇ ಫೋನ್, ಅದರಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕ್ಯೂಆರ್ ಕೋಡ್. ಅವರವರ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ, ನಮ್ಮ ವೈಫೈನಲ್ಲಿ ಇದ್ದರೆ ಮಾತ್ರ ಒಪ್ಪುತ್ತದೆ. ಸಮಯ ಸರ್ವರ್‌ನದ್ದು, ಫೋನಿನದ್ದಲ್ಲ. ಇನ್ನೊಂದು ತಡೆಯೂ ಇದೆ. ಅದನ್ನು ಇಲ್ಲಿ ಹೇಳಲ್ಲ, ನಮ್ಮ ಹುಡುಗರೂ ಓದುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ ನಾಲ್ವರದ್ದನ್ನು ಸೂಪರ್‌ವೈಸರ್ ಹಾಕುತ್ತಾರೆ.

ತಲೆ ಜಾಸ್ತಿ ತಿಂದದ್ದು ರಾತ್ರಿ ಪಾಳಿ. 10ಕ್ಕೆ ಬಂದು 6ಕ್ಕೆ ಹೋದವರಿಗೆ ಸಾಫ್ಟ್‌ವೇರ್ ಮಧ್ಯರಾತ್ರಿಗೆ ಕತ್ತರಿಸಿ ಒಂದು ದಿನ 2 ಗಂಟೆ, ಮರುದಿನ 6 ಗಂಟೆ ಎಂದು ಹಾಕುತ್ತಿತ್ತು. ಎರಡೂ ದಿನ ಅರ್ಧ ಹಾಜರಿ! ಒಳಗೆ ಬಂದ ತಾರೀಖಿಗೇ ಹೊರಗೆ ಹೋದ ಸಮಯವನ್ನೂ ಸೇರಿಸಿದೆ. 14 ಗಂಟೆಯೊಳಗೆ ಹೊರಗಿನ ಸ್ಕ್ಯಾನ್ ಬರದಿದ್ದರೆ ಆ ಸಾಲು ಕೆಂಪಾಗುತ್ತದೆ.

ಸಂಬಳ ಲೆಕ್ಕ ಹಾಕುವ ಶೀಟ್‌ನಲ್ಲಿ ಇನ್ನೊಂದು ತಪ್ಪು ಅಡಗಿತ್ತು. ಏಳೂವರೆ ಗಂಟೆಯನ್ನು 7.30 ಎಂದು ಬರೆದು ಗುಣಿಸುತ್ತಿದ್ದೆವು. ಅದು 7.5 ಆಗಬೇಕು. ದಿನಕ್ಕೆ 12 ನಿಮಿಷ ಹೋದರೆ 25 ದಿನಕ್ಕೆ 5 ಗಂಟೆ. ನಿಮ್ಮ ಶೀಟ್ ಇವತ್ತೇ ತೆಗೆದು ನೋಡಿ.

ಇಷ್ಟೆಲ್ಲ ಮಾಡಿದರೂ ನಂಬಿಕೆ ಬಂದದ್ದು ಒಂದೇ ಕೆಲಸದಿಂದ. ಶಿಫ್ಟ್ ಮುಗಿದ ತಕ್ಷಣ ಅವರವರ ಗಂಟೆ ಅವರವರ ಫೋನಿಗೆ ಹೋಗುತ್ತದೆ. ತಪ್ಪಿದ್ದರೆ 24 ಗಂಟೆಯೊಳಗೆ ಹೇಳಬೇಕು. ಮೊದಲ ವಾರ ಮೂವತ್ತರ ಹತ್ತಿರ ತಿದ್ದುಪಡಿ ಬಂದವು. ಈಗ ವಾರಕ್ಕೆ ಎರಡೋ ಮೂರೋ. ಸಂಬಳದ ಲೆಕ್ಕಕ್ಕೆ ಮೊದಲು ಎರಡು ದಿನ ಬೇಕಿತ್ತು, ಈಗ ಒಂದೂವರೆ ಗಂಟೆ ಸಾಕು.

ಮುಖ ಗುರುತಿಸುವ ಕ್ಯಾಮೆರಾವನ್ನೂ ಸುಮ್ನೆ ಒಂದು ವಾರ ಇಟ್ಟು ನೋಡಿದೆ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಿದ್ದು ಮುಖಗಳೆಲ್ಲ ಕಪ್ಪಾಗಿ ಬಂದವು. ಬಾಗಿಲ ಪಕ್ಕದ ಗೋಡೆಗೆ ತಿರುಗಿಸಿ ಇನ್ನೊಮ್ಮೆ ನೋಡಬೇಕು.