ಬೇಸಿಗೆಯಲ್ಲಿ ಮಲೆನಾಡಿನ ಕಾಡಿಗೆ ಹೋಗುವವರು ಕಾಲಿಗೆ ಟೇಪು ಸುತ್ತಿಕೊಳ್ಳಿ

ಫೆಬ್ರವರಿಯಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಚಾರಣಕ್ಕೋ ತರಗೆಲೆ ತರುವುದಕ್ಕೋ ಹೋಗುವವರು ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಅದರ ಮೇಲೆ ಅಗಲವಾದ ಬಿಳಿಯ ಟೇಪನ್ನು ಅಂಟಿನ ಮುಖ ಹೊರಗೆ ಬರುವಂತೆ ಎರಡು ಸುತ್ತು ಸುತ್ತಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ (ರಕ್ತ ಹೀರುವ ಉಣ್ಣೆಯ) ಮರಿಗಳು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ತರಗೆಲೆಯಿಂದಲೂ ಗಿಡ್ಡ ಗಿಡಗಳಿಂದಲೂ ಕಾಲಿಗೆ ಹತ್ತಿ ಮೇಲಕ್ಕೆ ತೆವಳುವ, ಗಸಗಸೆಯಷ್ಟೇ ಚಿಕ್ಕದಾದ ಅವು ದಾರಿಯಲ್ಲೇ ಅಂಟಿಗೆ ಸಿಕ್ಕಿಬೀಳುತ್ತವೆ ಮತ್ತು ಬಿಳಿಯ ಮೇಲೆ ಕಪ್ಪು ಚುಕ್ಕಿಗಳಾಗಿ ಎದ್ದು ಕಾಣುವುದರಿಂದ ಆ ಜಾಗ ಬಿಟ್ಟು ಹೊರಡಬೇಕೆಂಬುದೂ ತಿಳಿಯುತ್ತದೆ. ದೂಳು ಹಿಡಿದ ಅಥವಾ ಇಬ್ಬನಿಯಲ್ಲಿ ನೆನೆದ ಟೇಪು ಪ್ರಯೋಜನಕ್ಕೆ ಬಾರದು, ಹೊಸದನ್ನೇ ಸುತ್ತಬೇಕು. ತರಗೆಲೆಯ ಮೇಲೆ ಕುಳಿತರಂತೂ ಉಣುಗು ಸೊಂಟದ ಕಡೆಯಿಂದಲೇ ಹತ್ತುತ್ತದೆ. ಆದ್ದರಿಂದ ಟೇಪೊಂದನ್ನೇ ನಂಬದೆ, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳುವುದನ್ನು ದಯವಿಟ್ಟು ಬಿಡಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳನ್ನು ನೋಡಿಕೊಳ್ಳಿ. ಕಚ್ಚಿ ಹಿಡಿದ ಉಣುಗನ್ನು ಉಗುರಿನಿಂದ ಹಿಸುಕದೆ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆಳೆದು ತೆಗೆಯಿರಿ; ಮುಂದಿನ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.